ಓಲ್ವೆರಾ ಬೀದಿಗೆ ಹೋಗುವ ಮುನ್ನ

ಶ್ರೀಧರ ದೊಡ್ಡಪ್ಪ (ಫಾರ್ವರ್ಡ್ ಮಾಡಿದ್ದು): "ಲಾಸ್ ಏಂಜಲೀಸಿನ ಓಲ್ವೆರಾ ಬೀದಿಯ ಮೆಕ್ಸಿಕನ್ ಪೇಟೆ 1781ರಿಂದ ಇಂದಿನವರೆಗೂ ಬದಲಾಗದೆ ಉಳಿದಿದೆ."
ಪರಂಪರೆಯನ್ನು ಕಾಪಾಡುವುದೆಂದರೆ ಹೀಗೆ. ನಾವು ಜೂನ್‌ನಲ್ಲಿ ಬಂದಾಗ ಸುಮಾ ಅಲ್ಲಿಗೆ ಕರೆದುಕೊಂಡು ಹೋಗಲಿ.

ಸುಮಾ: ಖಂಡಿತ ಹೋಗೋಣ ದೊಡ್ಡಪ್ಪ. ಆದರೆ ಇದನ್ನು ಬರೆದವರು ಯಾರು? 1781ರಲ್ಲಿ ಈಗಿನ ಮೆಕ್ಸಿಕೋದ ಸೊನೋರಾ, ಸಿನಲೋವಾ ಕಡೆಯಿಂದ ಬಂದ 44 ಮಂದಿ ಊರು ಕಟ್ಟಿದ್ದು ನಿಜ. ಆದರೆ ಈಗ ಕಾಣುವ ಪೇಟೆ ತೆರೆದದ್ದು 1930ರ ಈಸ್ಟರ್ ದಿನ. ಆ ಬೀದಿಯಲ್ಲಿರುವ 1818ರ ಆವಿಲಾ ಮನೆ ವಾಸಕ್ಕೆ ಯೋಗ್ಯವಲ್ಲವೆಂದು ನಗರಾಡಳಿತ ತೀರ್ಮಾನಿಸಿದ್ದಾಗ, ಕ್ರಿಸ್ಟೀನ್ ಸ್ಟರ್ಲಿಂಗ್ ಎಂಬುವರು ಪಟ್ಟುಹಿಡಿದು ಅದನ್ನು ಉಳಿಸಿ, ಬೀದಿಯನ್ನೇ ಮೆಕ್ಸಿಕನ್ ಪೇಟೆಯಾಗಿ ರೂಪಿಸಿದರು.

ಶ್ರೀಧರ ದೊಡ್ಡಪ್ಪ: ನಾನು ಏನು ಕಳಿಸಿದರೂ ಆಧಾರ ಕೇಳುವುದು ನಿನಗೆ ಅಭ್ಯಾಸವಾಗಿದೆ. ಒಂದು ಹಳೆಯ ಮನೆಗಾಗಿ ಹೋರಾಡಿದವರ ದೊಡ್ಡತನವನ್ನು ಮೊದಲು ನೋಡಬೇಕು. ನಮ್ಮ ತೊಟ್ಟಿಮನೆಯನ್ನು ಮಾರುವಾಗ ನಿಮ್ಮಪ್ಪ ಯಾರ ಮಾತನ್ನೂ ಕೇಳಲಿಲ್ಲ.

ರಘು: ಸುಮಕ್ಕ, ಆವಿಲಾ ಮನೆಯ ಮಣ್ಣಿಟ್ಟಿಗೆಯ ದಪ್ಪ ಗೋಡೆ, ಅಂಗಳಗಳ ಚಿತ್ರ ನೋಡಿದಾಗ ನನಗೂ ನಮ್ಮ ತೊಟ್ಟಿಮನೆಯೇ ನೆನಪಾಯಿತು. ಬೇಸಿಗೆ ರಜೆಯಲ್ಲಿ ಆ ತಂಪಿನಲ್ಲಿ ನಾವೆಲ್ಲ ಸಾಲಾಗಿ ಮಲಗುತ್ತಿದ್ದೆವಲ್ಲ!

ಸುಮಾ: ಅಪ್ಪನ ವಿಷಯವನ್ನು ಇಲ್ಲಿ ಎಳೆಯಬೇಡಿ ದೊಡ್ಡಪ್ಪ. ಸ್ಟರ್ಲಿಂಗ್ ಅವರ ಶ್ರಮವನ್ನು ನಾನೂ ಗೌರವಿಸುತ್ತೇನೆ. ನನಗೆ ನೋವಾಗುವುದು ಬೇರೆಯದಕ್ಕೆ. ಮೆಕ್ಸಿಕೋದ ಸೊಬಗನ್ನು ಮೆರೆಸಲೆಂದು ತೆರೆದ ಆ ಪೇಟೆಗೆ ವರ್ಷ ತುಂಬುವ ಮೊದಲೇ, 1931ರ ಫೆಬ್ರವರಿಯಲ್ಲಿ, ವಲಸೆ ಅಧಿಕಾರಿಗಳು ಪಕ್ಕದ ಚೌಕವನ್ನು ಸುತ್ತುವರಿದು ಸುಮಾರು 400 ಜನರನ್ನು ತಡೆದು ನಿಲ್ಲಿಸಿದರು. ಮರುವರ್ಷ ಚಿತ್ರಕಾರ ದಾವಿದ್ ಆಲ್ಫಾರೋ ಸಿಕೇರೋಸ್, ಅಮೆರಿಕದ ಹದ್ದಿನ ಕೆಳಗೆ ಶಿಲುಬೆಗೇರಿದ ಮೂಲನಿವಾಸಿಯೊಬ್ಬನನ್ನು ಅಲ್ಲಿನ ಗೋಡೆಯ ಮೇಲೆ ಬರೆದರೆ, ಅದಕ್ಕೆ ಬಿಳಿ ಬಣ್ಣ ಬಳಿದು ಮುಚ್ಚಿದರು. 'ಅಮೆರಿಕ ಟ್ರಾಪಿಕಲ್' ಎಂಬ ಆ ಚಿತ್ರವನ್ನು ಜನ ಮತ್ತೆ ನೋಡಲು ಸಾಧ್ಯವಾದದ್ದು 2012ರಲ್ಲಿ. "ಬದಲಾಗದೆ ಉಳಿದಿದೆ" ಎಂಬ ಒಂದೇ ಸಾಲು ಇದಿಷ್ಟನ್ನೂ ಇನ್ನೊಮ್ಮೆ ಮುಚ್ಚಿಹಾಕುತ್ತದೆ. ಟಾಕೀಟೋ ತಿಂದು, ಅಗಲ ಟೋಪಿ ಹಾಕಿಕೊಂಡು ಫೋಟೋ ತೆಗೆಸಿಕೊಂಡು ಹಿಂದಿರುಗಿದರೆ ಆ ಬೀದಿಯನ್ನು ನೋಡಿದಂತಾಗುವುದಿಲ್ಲ.

ರಘು: ಮಾಸಿಹೋಗಿರುವ ಚಿತ್ರದಲ್ಲಿ ಈಗ ಏನಾದರೂ ಕಾಣುತ್ತದೆಯೇ?

ಸುಮಾ: ಬಣ್ಣ ಬಹುಮಟ್ಟಿಗೆ ಹೋಗಿದೆ, ಆದರೆ ಆಕೃತಿಗಳು ಗುರುತು ಸಿಗುತ್ತವೆ. ಅದಕ್ಕೆ ಹೊಸ ಬಣ್ಣ ತುಂಬದೆ, ಉಳಿದಷ್ಟನ್ನೇ ಸಂರಕ್ಷಿಸಿದ್ದಾರೆ. ಅದು ಸರಿಯಾದ ನಿರ್ಧಾರವೆಂದೇ ನನ್ನ ಭಾವನೆ.

ಶ್ರೀಧರ ದೊಡ್ಡಪ್ಪ: ಹಾಗಾದರೆ ಮೊದಲು ಆ ಗೋಡೆಯನ್ನೇ ನೋಡೋಣ, ಆಮೇಲೆ ಆವಿಲಾ ಮನೆ. ಆದರೆ ತೊಟ್ಟಿಮನೆಯ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನಿಮ್ಮಪ್ಪನೂ ಈ ಗುಂಪಿನಲ್ಲಿದ್ದಾನೆ, ಅವನೇ ಉತ್ತರ ಕೊಡಲಿ.