ಬಂದರಿನಲ್ಲೇ ಉಳಿದ ದಿನಕ್ಕೆ ಏನನ್ನೋಣ?

ಗೆಳೆಯರೇ, ಒಂದು ಪದ ಬೇಕಾಗಿದೆ. ಸಿಗದಿದ್ದರೆ ನಮ್ಮ ಮನೆಯ ಗಾಬರಿ ನಿಲ್ಲುವ ಹಾಗಿಲ್ಲ.

ತಂಗಿಯ ಮಗ ಸ್ನೇಹಿತರ ಜೊತೆ ಗ್ರೀಸಿಗೆ ಹೋಗಿದ್ದಾನೆ. ಒಂದು ಹಾಯಿದೋಣಿ ಬಾಡಿಗೆಗೆ ಹಿಡಿದು ಏಜಿಯನ್ ಸಮುದ್ರದ ದ್ವೀಪಗಳನ್ನು ಸುತ್ತುತ್ತಿದ್ದಾರೆ. ದಿನಾ ರಾತ್ರಿ ವಾಟ್ಸಾಪಿನಲ್ಲಿ ಬರೆಯುತ್ತಾನೆ, ಅರ್ಧ ಇಂಗ್ಲಿಷು. ಅದನ್ನು ಇಲ್ಲಿ ಕಾಸರಗೋಡಿನಲ್ಲಿ ಅಮ್ಮನಿಗೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಮೊನ್ನೆ ಬಂದದ್ದು ಇಷ್ಟು: "ಇವತ್ತು ಹಾರ್ಬರ್ ಡೇ. ಪಾರೋಸ್‌ನಲ್ಲೇ ಇದ್ದೇವೆ." ನಾನು "ಇವತ್ತು ಬಂದರಿನಲ್ಲೇ ನಿಂತಿದ್ದಾರಂತೆ" ಅಂದೆ. ಅಮ್ಮ ಹೊಸೆಯುತ್ತಿದ್ದ ಬತ್ತಿ ಕೆಳಗಿಟ್ಟು ಕೇಳಿದ್ದು: "ಯಾಕೆ, ಬೋಟು ಕೆಟ್ಟಿತಾ?"

ಏನೂ ಕೆಟ್ಟಿಲ್ಲ, ಬೇಕೆಂದೇ ನಿಂತದ್ದು. ಬಟ್ಟೆ ಒಗೆದು ಹಗ್ಗಕ್ಕೆ ಹಾಕಿದ್ದಾರೆ. ಟ್ಯಾಂಕಿಗೆ ನೀರು ತುಂಬಿಸಿದ್ದಾರೆ. ಹಾಯಿಯ ಹೊಲಿಗೆ ಒಂದು ಕಡೆ ಬಿಟ್ಟಿತ್ತು, ಕೂತು ಹೊಲಿದಿದ್ದಾರೆ. ಪೇಟೆಗೆ ಹೋಗಿ ಟೊಮೆಟೊ, ಬ್ರೆಡ್ಡು ತಂದಿದ್ದಾರೆ. ಮಧ್ಯಾಹ್ನ ಚೆನ್ನಾಗಿ ನಿದ್ದೆ. ಆ ಕಡೆ ಬೇಸಿಗೆಯಲ್ಲಿ ಉತ್ತರದಿಂದ 'ಮೆಲ್ತೆಮಿ' ಅನ್ನುವ ಗಾಳಿ ಬೀಸುತ್ತದೆ. ಜುಲೈ, ಆಗಸ್ಟಿನಲ್ಲಿ ಅದು ಜಾಸ್ತಿ. ಆಕಾಶ ಶುಭ್ರವಾಗಿಯೇ ಇರುತ್ತದೆ, ಗಾಳಿ ಮಾತ್ರ ಕೆಲವು ದಿನ ಗಂಟೆಗೆ 50–60 ಕಿ.ಮೀ. ಅದಕ್ಕೇ ಹೊರಡುವಾಗಲೇ ಇಂಥ ಒಂದೆರಡು ದಿನ ಕೈಯಲ್ಲಿ ಇಟ್ಟುಕೊಂಡು ಹೊರಟಿದ್ದಾರಂತೆ. ಹೊರಗೆ ಗಾಳಿ, ಬಂದರಿನ ಒಳಗೆ ಸುಖ.

ಈ ಸುಖಕ್ಕೆ ನಮ್ಮಲ್ಲಿ ಪದ ಇಲ್ವಲ್ಲ ಅನ್ನುವುದು ನನ್ನ ತೊಂದರೆ. ದೋಣಿ ನಿಂತಿದೆ ಅನ್ನಲು ನಮ್ಮ ಕರಾವಳಿಯಲ್ಲಿ ಮಾತಿಗೆ ಬರವಿಲ್ಲ, ಆದರೆ ಎಲ್ಲವೂ ನಷ್ಟದ ಮಾತು. ಈಗ ಇಲ್ಲೂ ಬೋಟುಗಳು ಕಟ್ಟಿಯೇ ಇವೆ. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ, 52 ದಿನ ಟ್ರಾಲಿಂಗ್ ನಿಷೇಧ. ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದರೆ ಜೂನ್ 1ರಿಂದಲೇ ಶುರು, 61 ದಿನ. ಪೇಪರಿನವರು "ಲಂಗರು ಹಾಕಿದ ಬೋಟುಗಳು", "ಕಡಲಿಗಿಳಿಯದ ದೋಣಿಗಳು" ಎಂದು ಬರೆಯುತ್ತಾರೆ. ಓದಿದ ಕೂಡಲೇ ಸಂಪಾದನೆ ಇಲ್ಲದ ಮನೆ ಕಣ್ಣಿಗೆ ಬರುತ್ತದೆ. ಮೀನಿನವನನ್ನು ಕೇಳಿದೆ. ಅವನದು ಮಲಯಾಳ: "ಇನ್ನ್ ಪಣಿಯಿಲ್ಲ." ಇವತ್ತು ಕೆಲಸ ಇಲ್ಲ, ಅಷ್ಟೇ. ಅಮ್ಮ ಕೇಳಿದ್ದರಲ್ಲಿ ತಪ್ಪೇನಿದೆ?

ಇಂಗ್ಲಿಷಿನವರಿಗೆ ಇದಕ್ಕೆ 'ಲೇ ಡೇ' ಅಂತ ಇನ್ನೊಂದು ಮಾತೂ ಉಂಟು. ಅದು ಸರಕಿನ ಹಡಗುಗಳಲ್ಲಿ ಬೇರೆ ಅರ್ಥದಲ್ಲಿ ಬಳಕೆಯಲ್ಲಿದೆ. ಸರಕು ತುಂಬಲು, ಇಳಿಸಲು ಒಪ್ಪಂದದಲ್ಲಿ ಕೊಟ್ಟ ದಿನಗಳು ಅಂತ. ಅವು ಮೀರಿದರೆ ಡೆಮರೇಜ್, ಅಂದರೆ ತಡದ ದಂಡ, ಕಟ್ಟಬೇಕು. ಡೆಮರೇಜ್ ಅಂದರೆ ರೈಲಿನಲ್ಲಿ ಮಾಲು ತರಿಸುವ ನಮ್ಮ ಅಂಗಡಿಯವರಿಗೂ ಗೊತ್ತು. ದುಡ್ಡಿನ ಲೆಕ್ಕದ ಆ ಮಾತು ಹಾಯಿದೋಣಿಯವರ ಬಾಯಲ್ಲಿ ನಿದ್ದೆಯ ಮಾತಾಗಿದೆ. ನಮ್ಮ ಯಾವುದಾದರೂ ಪದಕ್ಕೂ ಹಾಗೆ ಆಗಬಾರದೇ?

'ಬಂದರು ದಿನ' ಬೇಡ. ಏಪ್ರಿಲ್ 5ರ ಕಡಲಯಾನ ದಿನದ ಹಾಗೆ ಭಾಷಣ, ಹಾರ ತುರಾಯಿ ನೆನಪಾಗುತ್ತದೆ. 'ವಿಶ್ರಾಂತಿ ದಿನ' ಅರ್ಥಕ್ಕೆ ಸರಿ. ಹಿಂದೆ ಟೆಸ್ಟ್ ಪಂದ್ಯದ ನಡುವೆ ಇರುತ್ತಿತ್ತಲ್ಲ, ಹಾಗೆ. ಆದರೆ ಅಮ್ಮನಿಗೆ ವಿಶ್ರಾಂತಿ ಅಂದರೆ ಡಾಕ್ಟರ್ ಹೇಳಿದ್ದು. 'ಧಕ್ಕೆಯಲ್ಲಿದ್ದಾರೆ' ಅನ್ನೋಣ ಅಂದರೆ, ಮಂಗಳೂರಿನವರಿಗೆ ಅದು ಬೋಟು ಕಟ್ಟುವ ಜಾಗ. ಮರಾಠಿಯ ಧಕ್ಕಾ ಅದೇ, ಮುಂಬೈಯ ಭಾವೂಚಾ ಧಕ್ಕಾ ಇದೆಯಲ್ಲ. ಘಟ್ಟದ ಮೇಲಿನವರಿಗೆ ಮಾತ್ರ ಧಕ್ಕೆ ಅಂದರೆ ಪೆಟ್ಟು! 'ಬಿಡುವು' ನನಗೆ ಇಷ್ಟವಾಗಿತ್ತು. ಆದರೆ ಬಸ್ಸು ಬಿಟ್ಟಿತು ಅಂದರೆ ಹೊರಟಿತು ಅಂತ ತಾನೇ? 'ದೋಣಿಬಿಡುವು' ಅಂದರೆ ಹೊರಡುವ ದಿನವೇ ಆಗಿಬಿಡುತ್ತದೆ.

ಹೀಗೆ ದೋಣಿಯಲ್ಲಿ ಊರೂರು ಸುತ್ತುವುದಕ್ಕೆ ಹುಡುಗ ಬರೆಯುವ 'ಕ್ರೂಸ್' ಅನ್ನುವ ಮಾತಿಗೆ ಮಾತ್ರ ಕಷ್ಟಪಡಲಿಲ್ಲ. ಯಕ್ಷಗಾನ ಮೇಳದವರ 'ತಿರುಗಾಟ' ಇದೆ. ಮೇಳ ತಿರುಗಾಟಕ್ಕೆ ಹೊರಟಿತು ಅಂದರೆ ಇಂದು ಈ ಊರು, ನಾಳೆ ಆ ಊರು, ಮೇ ಕೊನೆಗೆ ಬರುವ ಪತ್ತನಾಜೆಯವರೆಗೆ. ಅಮ್ಮನಿಗೂ ಕೂಡಲೇ ಅರ್ಥವಾಯಿತು. ಹಾಗಾದರೆ ನಿಂತದ್ದಕ್ಕೆ 'ಮೊಕ್ಕಾಂ' ಅನ್ನಬಹುದಲ್ಲ? ಸ್ವಾಮಿಗಳ ಸಂಚಾರದಲ್ಲಿ ಬಳಕೆಯಲ್ಲಿದೆ. ಬೇಕೆಂದೇ ಉಳಿದದ್ದು, ಗೌರವವೂ ಇದೆ. ಒಂದೇ ಗೊಂದಲ: ನಮ್ಮ ಊರಲ್ಲಿ 'ಮಖಾಂ' ಅಂದರೆ ದರ್ಗಾ, ಉರೂಸ್ ನಡೆಯುವ ಜಾಗ. ಎರಡೂ ಅರಬಿಯ ಒಂದೇ ಮಾತಿನಿಂದ ಬಂದವು. ಉಚ್ಚಾರ ಸ್ವಲ್ಪ ಜಾರಿದರೆ ಹುಡುಗ ಗ್ರೀಸಿನಲ್ಲಿ ಉರೂಸಿಗೆ ಹೋದ ಹಾಗೆ ಕೇಳುತ್ತದೆ.

ಈ ಹುಡುಕಾಟದಲ್ಲಿ 'ಹಾಯಿ'ಯ ಹಿಂದೆಯೂ ಸ್ವಲ್ಪ ಹೋದೆ. ತಮಿಳಿನಲ್ಲಿ ಪಾಯ್, ಮಲಯಾಳದಲ್ಲಿ ಪಾಯ. ಎರಡರಲ್ಲೂ ಚಾಪೆಗೂ ಅದೇ ಪದ, ಹಾಯಿಗೂ ಅದೇ ಪದ. ಪಕಾರ ಹಕಾರವಾಗಿ ನಮಗೆ ಬರುವಾಗ ಚಾಪೆ ಎಲ್ಲೋ ಕಳೆದುಹೋಯಿತು. ಇದನ್ನು ಅಮ್ಮನಿಗೆ ಹೇಳಿದ್ದೆ. ನಿನ್ನೆ ರಾತ್ರಿ "ಇವತ್ತೂ ಪಾರೋಸ್" ಎಂದು ಓದಿದಾಗ ತಲೆ ಎತ್ತಲೂ ಇಲ್ಲ. "ಇವತ್ತೂ ಹಾಯಿ ಸುತ್ತಿಟ್ಟದ್ದಾ?" ಅಂತ ಕೇಳಿದ್ದು ಅಷ್ಟೇ. ಚಾಪೆ ಸುತ್ತಿದರೆ ಎದ್ದ ಹಾಗೆ, ಹಾಯಿ ಸುತ್ತಿದರೆ ಮಲಗಿದ ಹಾಗೆ ಅಂತ ನನಗೆ ಆಗ ಹೊಳೆಯಿತು. 'ಹಾಯಿ ಸುತ್ತಿದ ದಿನ' ಸ್ವಲ್ಪ ಉದ್ದ, ಆದರೂ ಸದ್ಯಕ್ಕೆ ಅದನ್ನೇ ನಡೆಸುತ್ತಿದ್ದೇನೆ.

ಕಾರವಾರ, ಹೊನ್ನಾವರದ ಕಡೆಯವರು ಏನಾದರೂ ಹೇಳಬಹುದೇ? ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಮಂಜಿ ಅನ್ನುವ ಸರಕುದೋಣಿಗಳಲ್ಲಿ ಸಾಮಾನು ಹೋಗುತ್ತದೆ. ಇಂಜಿನ್ನು ಬರುವ ಮೊದಲು ಅವಕ್ಕೂ ಹಾಯಿಯೇ ಗತಿ. ಸಾಮಾನು ತುಂಬಿ ಆದ ಮೇಲೆ ಗಾಳಿಗೆ ಕಾಯುತ್ತಾ ಕೂತ ದಿನಕ್ಕೆ ದೋಣಿ ನಡೆಸುವ ತಾಂಡೇಲರು, ಅವರ ಕೈಕೆಳಗಿನ ಖಲಾಸಿಗಳು ಏನನ್ನುತ್ತಿದ್ದರು? ಮನೆಯಲ್ಲಿ ಹಿರಿಯರಿದ್ದರೆ ಕೇಳಿ ಬರೆಯಿರಿ. ತುಳು, ಕೊಂಕಣಿ, ಬ್ಯಾರಿ, ಯಾವುದಾದರೂ ಆದೀತು. ನಾಳೆ ಗಾಳಿ ಇಳಿಯುತ್ತದಂತೆ, ನಾಕ್ಸೋಸ್ ಕಡೆಗೆ ಹೊರಡುತ್ತಾರೆ. ತಿರುಗಾಟ ಇನ್ನೂ ಒಂದು ವಾರ ಇದೆ.