ತೂಕ ಇಳಿದ ಮೇಲೆ ಜೋತುಬಿದ್ದ ಚರ್ಮ: ನಾಲ್ಕೂ ಕಡೆ ಒಂದೇ ದಿನ ಸರ್ಜರಿ ಮಾಡಿಸಬಹುದಾ?

ಸುಮ್ನೆಕೇಳ್ದೆ:
ಚರ್ಚೆಗೆ ಒಂದು ಕೇಸ್ ಇಡ್ತಿದೀನಿ. ವಯಸ್ಸು 42, ಗ್ಯಾಸ್ಟ್ರಿಕ್ ಬೈಪಾಸ್ (ತೂಕ ಇಳಿಸೋ ಹೊಟ್ಟೆ-ಕರುಳಿನ ಸರ್ಜರಿ) ಆಗಿ 14 ತಿಂಗಳು. ತೂಕ 128 ಕೆಜಿಯಿಂದ 79ಕ್ಕೆ ಬಂದಿದೆ, ಬಿಎಂಐ 29. ಹೊಟ್ಟೆಯ ಚರ್ಮ ತೊಡೆಸಂದಿ ಮುಚ್ಚೋವರೆಗೂ ಇಳಿದಿದೆ. ಸೊಂಟದ ಹಿಂಭಾಗ, ಒಳತೊಡೆ, ತೋಳು ಕೂಡ ಸಡಿಲ. "ಒಂದೇ ಅರಿವಳಿಕೆ, ಒಂದೇ ರಜೆ, ನಾಲ್ಕೂ ಜಾಗ ಒಂದೇ ದಿನ ಮುಗಿಸೋಣ" ಅಂತ ಸಲಹೆ ಬಂದಿದೆ ಅಂದ್ಕೊಳ್ಳಿ. ಒಪ್ಪಬೇಕಾ, ಬೇಡವಾ? ಕಾರಣ ಸಮೇತ ಹೇಳಿ.

ಕತ್ತರಿಸೂಜಿ:
ಬೇಡ. ಮೊದಲ ಕಾರಣ ಗಡಿಯಾರ. ಆಪರೇಷನ್ ಆರು ಗಂಟೆ ದಾಟಿದ ಮೇಲೆ ತೊಂದರೆಗಳು ಏರುತ್ತಾ ಹೋಗುತ್ತವೆ. ಈ ಪಟ್ಟಿ ಒಬ್ಬ ಸರ್ಜನ್ ಕೈಯಲ್ಲಿ ಆರು ಗಂಟೆಗೆ ಮುಗಿಯುವಂಥದ್ದಲ್ಲ.

ಎರಡನೆಯದನ್ನು ಯಾರೂ ಹೇಳುವುದಿಲ್ಲ: ಎಳೆತದ ದಿಕ್ಕು. ಸೊಂಟದ ಸುತ್ತ ಬೆಲ್ಟ್ ಹಾಗೆ ಚರ್ಮ ತೆಗೆದು ಹೊಲಿದಾಗ ತೊಡೆಯ ಹೊರಭಾಗ, ಪೃಷ್ಠ ಎಲ್ಲ ಮೇಲಕ್ಕೆ ಬರುತ್ತವೆ. ಒಳತೊಡೆಯಲ್ಲಿ ಎಷ್ಟು ಚರ್ಮ ಹೆಚ್ಚುವರಿ ಅಂತ ನಿಜವಾಗಿ ಗೊತ್ತಾಗುವುದು ಆ ಸರ್ಜರಿಯ ಊತ ಇಳಿದ ಮೇಲೆ. ಅದೇ ದಿನ ತೊಡೆಸಂದಿಯಲ್ಲೂ ಕತ್ತರಿಸಿದರೆ ಒಂದು ಹೊಲಿಗೆ ಮೇಲಕ್ಕೆ ಎಳೆಯುತ್ತದೆ, ಇನ್ನೊಂದು ಕೆಳಕ್ಕೆ. ಬಿಚ್ಚಿಕೊಳ್ಳುವುದು ಎರಡರ ನಡುವೆ ಯಾವುದು ದುರ್ಬಲವೋ ಅದು. ಮೊದಲು ಸೊಂಟದ ಸುತ್ತ, ಮೂರರಿಂದ ಆರು ತಿಂಗಳು ಬಿಟ್ಟು ತೊಡೆ. ತೋಳನ್ನು ಆ ಎರಡನೇ ಸುತ್ತಿಗೆ ಸೇರಿಸಿ.

ಎರಡುಟೀಮ್:
ತೊಡೆ ವಿಷಯ ಒಪ್ಪಿದೆ. ತೋಳಿನ ವಿಷಯ ಒಪ್ಪಲ್ಲ. ಲೆಕ್ಕಕ್ಕೆ ಬರೋದು ಜಾಗಗಳ ಸಂಖ್ಯೆ ಅಲ್ಲ, ಒಟ್ಟು ಗಂಟೆ. ರೋಗಿ ಅಂಗಾತ ಮಲಗಿರೋವಾಗ ಒಂದು ಟೀಮ್ ಹೊಟ್ಟೆ ಮುಚ್ಚುತ್ತಿದ್ದರೆ ಇನ್ನೊಂದು ಟೀಮ್ ತೋಳು ಮುಗಿಸಬಹುದು. ಗಂಟೆ ಹೆಚ್ಚೇನೂ ಬೆಳೆಯಲ್ಲ, ಎಳೆತನೂ ಒಂದಕ್ಕೊಂದು ಅಡ್ಡ ಬರಲ್ಲ. ಸುಮ್ಮನೆ ಮೂರು ಸಲ ಥಿಯೇಟರ್‌ಗೆ ಕರ್ಕೊಂಡು ಹೋಗೋದೂ ಪುಕ್ಕಟೆ ಅಲ್ಲ: ಪ್ರತಿ ಸಲ ಅರಿವಳಿಕೆ, ಪ್ರತಿ ಸಲ ವಾರಗಟ್ಟಲೆ ಮಂಚ.

ಕತ್ತರಿಸೂಜಿ:
ಪಳಗಿದ ಎರಡು ಟೀಮ್ ನಿಜವಾಗಿಯೂ ಇದ್ದರೆ ಸರಿ. "ಎರಡನೇ ಟೀಮ್" ಅಂದರೆ ಹೊಲಿಗೆ ಕಲಿಯುತ್ತಿರುವ ಒಬ್ಬ ಕಿರಿಯ ಅಂತಾಗಬಾರದು. ತೋಳಿನ ಒಳಬದಿಯಲ್ಲಿ ಬೆಸಿಲಿಕ್ ರಕ್ತನಾಳದ ಜೊತೆ ಮುಂಗೈಗೆ ಸ್ಪರ್ಶ ಕೊಡುವ ನರ ಹೋಗುತ್ತದೆ. ಮೊಣಕೈಗೆ ಮೇಲೆ ಸುಮಾರು 14 ಸೆಂಮೀ ಆಸುಪಾಸಿನಲ್ಲಿ ಅದು ಆಳದ ಪೊರೆ ತೂರಿ ಮೇಲಕ್ಕೆ ಬರುತ್ತದೆ. ಅಲ್ಲಿ ಪೊರೆಯ ಮೇಲೆ ಒಂದು ಸೆಂಮೀ ಕೊಬ್ಬು ಉಳಿಸದೆ ಕತ್ತರಿಸಿದರೆ ಮುಂಗೈ ಒಳಬದಿ ಮರಗಟ್ಟುತ್ತದೆ, ಕೆಲವೊಮ್ಮೆ ಉರಿನೋವು ಉಳಿದುಬಿಡುತ್ತದೆ.

ಮತ್ತೆ, ಮನೆಗೆ ಹೋದ ಮೇಲಿನ ಮೊದಲ ವಾರ ಯೋಚಿಸಿ. ಹೊಟ್ಟೆ ಹೊಲಿದವರು ಏಳುವುದು ಕೈ ಊರಿ. ಕೈಯನ್ನೂ ಹೊಲಿದಿದ್ದರೆ ಏಳುವುದು ಹೇಗೆ?

ಮತ್ತುವೈದ್ಯ:
ಅರಿವಳಿಕೆ ಕಡೆಯಿಂದ. ಇಲ್ಲಿ ನಿಜವಾಗಿ ಹೆದರಬೇಕಾದದ್ದು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು. ಉಳಿದ ತೊಂದರೆ ಬಹುಪಾಲು ಕಾಟ ಕೊಡುತ್ತವೆ, ಇದು ಜೀವ ತೆಗೆಯುತ್ತದೆ. ಈ ಅಪಾಯ ಅಳೆಯುವ ಕ್ಯಾಪ್ರಿನಿ ಸ್ಕೋರ್ ಹಾಕಿ ನೋಡಿ: 45 ನಿಮಿಷ ಮೀರಿದ ದೊಡ್ಡ ಆಪರೇಷನ್‌ಗೆ 2, ವಯಸ್ಸು 41ರಿಂದ 60ಕ್ಕೆ 1, ಬಿಎಂಐ 25 ದಾಟಿದ್ದಕ್ಕೆ 1. ಈ ಕೇಸ್ ಸುಮ್ಮನೆ ಕೂತಲ್ಲೇ 4. ಗರ್ಭನಿರೋಧಕ ಮಾತ್ರೆ ಇದ್ದರೆ ಇನ್ನೊಂದು, ಉಬ್ಬಿದ ಕಾಲುನರ ಇದ್ದರೆ ಮತ್ತೊಂದು. ಹಿಂದೆ ಹೆಪ್ಪುಗಟ್ಟಿದ ಚರಿತ್ರೆ ಇದ್ದರೆ 3. ಈ ಎಣಿಕೆ ಫೈಲಿನಲ್ಲಿ ಬರೆದಿರದಿದ್ದರೆ ಸರ್ಜರಿ ದಿನಾಂಕ ಕೊಡಬೇಡಿ.

ಮೀನಖಂಡಕ್ಕೆ ಗಾಳಿ ಪಂಪ್ ಅರಿವಳಿಕೆ ಕೊಡುವ ಮೊದಲೇ ಶುರುವಾಗಬೇಕು. ಆ ಸಂಜೆಯೇ ನಾಲ್ಕು ಹೆಜ್ಜೆ ನಡೆಸಬೇಕು. ಸ್ಕೋರ್ ಹೆಚ್ಚಿದ್ದರೆ ಹೆಪ್ಪು ತಡೆಯುವ ಎನಾಕ್ಸಪರಿನ್ ಚುಚ್ಚುಮದ್ದು 40 ಮಿಗ್ರಾಂ ದಿನಕ್ಕೊಮ್ಮೆ, ರಕ್ತಸ್ರಾವ ನಿಂತಿದೆ ಅಂತ ಖಾತ್ರಿಯಾದ ಮೇಲೆ. ಹೊಟ್ಟೆಯ ಸ್ನಾಯು ಬಿಗಿಯಾಗಿ ಹೊಲಿದರೆ ಒಳಗಿನ ಒತ್ತಡ ಏರುತ್ತದೆ, ಕಾಲಿನ ರಕ್ತ ಮೇಲೆ ಬರುವುದು ನಿಧಾನವಾಗುತ್ತದೆ, ಉಸಿರೂ ಗಿಡ್ಡ. ಹಾಗಾಗಿ "ಇನ್ನೊಂದು ಸುತ್ತು ಬಿಗಿ ಮಾಡಿ" ಅನ್ನುವ ಆಸೆ ಒಳ್ಳೆಯದಲ್ಲ.

ಅಂದಹಾಗೆ, ಬೈಪಾಸ್ ಬದಲು ಸೆಮಾಗ್ಲುಟೈಡ್ ಥರದ ಚುಚ್ಚುಮದ್ದಿನಿಂದ ಇಳಿದವರು ಅದನ್ನು ಮುಚ್ಚಿಡಬಾರದು. ಹೊಟ್ಟೆ ಖಾಲಿಯಾಗುವುದು ತಡವಾಗಿ, ಅರಿವಳಿಕೆ ಹೊತ್ತಿನಲ್ಲಿ ಆಹಾರ ಶ್ವಾಸಕೋಶಕ್ಕೆ ಇಳಿಯಬಹುದು. 2023ರಲ್ಲಿ ಅಮೆರಿಕದ ಅರಿವಳಿಕೆ ತಜ್ಞರ ಸಂಘ ವಾರದ ಡೋಸ್ ಒಂದು ವಾರ ಮುಂಚೆ ನಿಲ್ಲಿಸಿ ಅಂದಿತ್ತು. 2024ರ ಜಂಟಿ ಮಾರ್ಗಸೂಚಿ ಎಲ್ಲರಿಗೂ ನಿಲ್ಲಿಸಬೇಕಿಲ್ಲ, ಅಪಾಯ ಹೆಚ್ಚಿದ್ದವರಿಗೆ 24 ಗಂಟೆ ದ್ರವಾಹಾರ ಅಂತ ಸಡಿಲಿಸಿತು. ಯಾವುದು ಅನ್ವಯ ಅಂತ ನಿರ್ಧರಿಸಲು ಮೊದಲು ನಮಗೆ ವಿಷಯ ಗೊತ್ತಿರಬೇಕಲ್ಲ.

ಪಥ್ಯಪುಸ್ತಕ:
ಎಲ್ಲರೂ ಗಂಟೆ ಎಣಿಸ್ತಿದೀರಿ, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ತೋರಿಸೋ ರಕ್ತಪರೀಕ್ಷೆ) ಎಷ್ಟು ಅಂತ ಒಬ್ಬರೂ ಕೇಳ್ಲಿಲ್ಲ!

ಬೈಪಾಸ್‌ನಲ್ಲಿ ಆಹಾರ ಡ್ಯುವೋಡಿನಮ್ (ಸಣ್ಣ ಕರುಳಿನ ಮೊದಲ ಭಾಗ) ತಪ್ಪಿಸಿಕೊಂಡು ಹೋಗತ್ತೆ. ಕಬ್ಬಿಣ ಹೆಚ್ಚು ಹೀರಿಕೊಳ್ಳೋದೇ ಅಲ್ಲಿ. ಅದಕ್ಕೇ ಮಾತ್ರೆ ನುಂಗ್ತಾ ಇದ್ರೂ ಹಿಮೋಗ್ಲೋಬಿನ್ ಏರದೇ ಇರಬಹುದು, ಆಗ ರಕ್ತನಾಳದ ಮೂಲಕ ಕಬ್ಬಿಣ ಕೊಡಬೇಕು. ಇದಕ್ಕೆ ವಾರಗಳು ಹಿಡಿಯತ್ತೆ, ಹಿಂದಿನ ದಿನ ಆಗೋ ಕೆಲಸ ಅಲ್ಲ. ಕ್ಯಾಲ್ಸಿಯಂ ಮಾತ್ರೆ ಜೊತೆಗೇ ಕಬ್ಬಿಣ ನುಂಗಬೇಡಿ, ಕನಿಷ್ಠ ಎರಡು ಗಂಟೆ ಅಂತರ ಇರ್ಲಿ. ಬಿ12, ಫೋಲೇಟ್, ವಿಟಮಿನ್ ಡಿ, ಜಿಂಕ್ ಕೂಡ ನೋಡಿಸಿ. ವಾಂತಿ ಹೆಚ್ಚಿದ್ರೆ ಥಯಾಮಿನ್ (ವಿಟಮಿನ್ ಬಿ1) ಮರೀಬೇಡಿ.

ಪ್ರೋಟೀನ್ ದಿನಕ್ಕೆ 70ರಿಂದ 100 ಗ್ರಾಂ, ಸರ್ಜರಿಗೆ ವಾರಗಳ ಮುಂಚಿನಿಂದ. "ಆಲ್ಬುಮಿನ್ (ರಕ್ತದಲ್ಲಿರೋ ಪ್ರೋಟೀನ್) ನಾರ್ಮಲ್ ಇದೆ" ಅಂತ ಸಮಾಧಾನ ಪಡಬೇಡಿ. ಅದರ ಅರ್ಧಾಯುಷ್ಯ ಸುಮಾರು 20 ದಿನ, ಈ ವಾರದ ಕೊರತೆ ಈ ವಾರ ಕಾಣಲ್ಲ. ಚಿಕ್ಕ ಹೊಟ್ಟೆಯಲ್ಲಿ ಒಂದೇ ಊಟಕ್ಕೆ ಇಷ್ಟು ಹಿಡಿಯಲ್ಲ, ಐದಾರು ಸಲ ಹಂಚಿ, ತಟ್ಟೆಯಲ್ಲಿ ಮೊದಲು ಪ್ರೋಟೀನ್ ಮುಗಿಸಿ.

ಇನ್ನು "14 ತಿಂಗಳು ಆಯ್ತು" ಅನ್ನೋದು ಸಾಲದು. ತೂಕ ಎಷ್ಟು ದಿನದಿಂದ ನಿಂತಿದೆ? ಕೊನೆಯ ಮೂರರಿಂದ ಆರು ತಿಂಗಳಲ್ಲಿ ಎರಡು ಮೂರು ಕೆಜಿ ಒಳಗೇ ಆಡ್ತಿರಬೇಕು. ಇನ್ನೂ ಇಳೀತಿದ್ರೆ ದೇಹ ತನ್ನನ್ನೇ ಕರಗಿಸ್ಕೊಳ್ತಿದೆ ಅಂತ ಅರ್ಥ, ಗಾಯ ಮಾಯಿಸೋಕೆ ಸಾಮಾನು ಎಲ್ಲಿಂದ ಬರತ್ತೆ? ಬಿಗಿ ಮಾಡಿದ ಚರ್ಮ ಕೂಡ ಮತ್ತೆ ಸಡಿಲ ಆಗತ್ತೆ.

ಸುಮ್ನೆಕೇಳ್ದೆ:
ಸರಿ, ಹಾಗಾದ್ರೆ ಕನಿಷ್ಠದ್ದು ಕೇಳ್ತೀನಿ. ಮಡಿಕೆ ಕೆಳಗೆ ಬೆವರು, ಫಂಗಸ್, ವಾಸನೆ, ಇದೇ ಮುಖ್ಯ ತೊಂದರೆ ಆದ್ರೆ ಜೋತಿರೋದನ್ನ ಮಾತ್ರ ಕತ್ತರಿಸಿದ್ರೆ ಸಾಲದಾ? ಲೈಪೊಸಕ್ಷನ್, ರೇಡಿಯೋಫ್ರೀಕ್ವೆನ್ಸಿ ಅಂತೆಲ್ಲಾ ಜಾಹೀರಾತು ಬರುತ್ತಲ್ಲ?

ಕತ್ತರಿಸೂಜಿ:
ಲೈಪೊಸಕ್ಷನ್ ತೆಗೆಯುವುದು ಕೊಬ್ಬು, ಚರ್ಮ ಅಲ್ಲ. ಖಾಲಿ ಚೀಲವನ್ನು ಇನ್ನಷ್ಟು ಖಾಲಿ ಮಾಡಿದ ಹಾಗೆ. ಶಾಖದ ಯಂತ್ರಗಳಿಂದ ತೊಡೆಸಂದಿವರೆಗೆ ಬಂದ ಮಡಿಕೆ ಏರುವುದಿಲ್ಲ.

ಜೋತಿದ್ದನ್ನು ಮಾತ್ರ ತೆಗೆಯುವುದು ಪ್ಯಾನಿಕ್ಯುಲೆಕ್ಟಮಿ. ಕೆಳಗಿನ ಮಡಿಕೆಯ ಹೋಳು ತೆಗೆದು ಹೊಲಿಯುತ್ತಾರೆ, ಸ್ನಾಯು ಮುಟ್ಟುವುದಿಲ್ಲ, ಹೊಕ್ಕುಳಿನ ಮೇಲಿನ ಚರ್ಮ ಬಿಡಿಸುವುದಿಲ್ಲ. ಬೆವರುಗುಳ್ಳೆಗೆ ಇದು ಸಾಕು. ಹೊಟ್ಟೆ ಚಪ್ಪಟೆಯಾಗುತ್ತದೆ ಅಂತ ನಿರೀಕ್ಷಿಸಬೇಡಿ, ಮೇಲಿನ ಸಡಿಲ ಹಾಗೇ ಇರುತ್ತದೆ. ಟಮ್ಮಿ ಟಕ್‌ನಲ್ಲಿ ಪಕ್ಕೆಲುಬಿನವರೆಗೆ ಚರ್ಮ ಬಿಡಿಸಿ, ಬೇರೆಯಾದ ಸ್ನಾಯು ನಡುಗೆರೆಗೆ ಸೇರಿಸಿ, ಹೊಕ್ಕುಳಿಗೆ ಹೊಸ ಕಿಂಡಿ ಮಾಡುತ್ತಾರೆ. ಯಾವುದೇ ಆದರೂ ಫಂಗಸ್ ವಾಸಿಯಾಗದೆ ಕತ್ತರಿ ಹಾಕುವ ಹಾಗಿಲ್ಲ. ಹರ್ನಿಯಾ ಇದೆಯಾ ಅಂತ ಸ್ಕ್ಯಾನ್ ಕಡ್ಡಾಯ: ಕರುಳು ಹೊಕ್ಕುಳಿನ ಹಿಂದೆ ಕೂತಿದ್ದರೆ ಕೆಲವೊಮ್ಮೆ ಕೈಗೆ ಸಿಗುವುದಿಲ್ಲ.

ಎರಡುಟೀಮ್:
ಇಷ್ಟು ತೂಕ ಇಳಿದವರಲ್ಲಿ ಅಡ್ಡಗೆರೆ ಒಂದರಿಂದ ಕೆಲಸ ಆಗಲ್ಲ ಅಂತ ನನ್ನ ವಾದ. ಸಡಿಲ ಮೇಲೆ ಕೆಳಗೆ ಮಾತ್ರ ಇರಲ್ಲ, ಪಕ್ಕಕ್ಕೂ ಇರತ್ತೆ. ನಿಂತ್ಕೊಂಡು ಹೊಕ್ಕುಳಿನ ಮೇಲೆ ನಡುವಿನ ಚರ್ಮನ ಎರಡೂ ಕೈಯಿಂದ ಅಕ್ಕಪಕ್ಕದಿಂದ ಹಿಡಿದು ಕೂಡಿಸಿ ನೋಡಿ. ದಪ್ಪ ಮಡಿಕೆ ಕೈಗೆ ಬಂದು ಸೊಂಟ ಒಳಗೆ ಸರಿದ್ರೆ ಉದ್ದಗೆರೆನೂ ಬೇಕು, ಅಂದರೆ ಫ್ಲರ್-ಡಿ-ಲಿ. ಬೆಲೆ ಏನಂದ್ರೆ ಎದೆಗೂಡಿನ ಕೆಳಗಿಂದ ಗುಪ್ತಾಂಗದ ಮೇಲಿನ ಎಲುಬಿನವರೆಗೆ ನಡುಗೆರೆ ಕಲೆ, ಯಾವ ಬಟ್ಟೆ ಸರಿದ್ರೂ ಕಾಣೋದು.

ಕತ್ತರಿಸೂಜಿ:
ಕಲೆ ಒಂದೇ ಬೆಲೆ ಅಲ್ಲ. ಉದ್ದಗೆರೆ ಅಡ್ಡಗೆರೆಗೆ ಕೂಡುವ ಮೂಲೆಗೆ ರಕ್ತ ಅತಿ ಕಡಿಮೆ. ಚರ್ಮ ಬಿಡಿಸಿದ ಮೇಲೆ ನಡುವಿನ ರಕ್ತನಾಳಗಳು ಹೋಗಿರುತ್ತವೆ, ಉಳಿಯುವುದು ಪಕ್ಕೆಗಳಿಂದ ಬರುವ ಸರಬರಾಜು ಮಾತ್ರ. ಬಿಡಿಸುವುದನ್ನು ಮಿತಿಯಲ್ಲಿ ಇಡದಿದ್ದರೆ ಆ ಮೂಲೆ ಕಪ್ಪಾಗುತ್ತದೆ. ಹಳೆಯ ಪಿತ್ತಕೋಶ ಆಪರೇಷನ್‌ನ ಉದ್ದನೆ ಓರೆ ಗಾಯ ಬಲಪಕ್ಕೆಯ ಕೆಳಗಿದ್ದರೆ ಆ ಬದಿಯ ಸರಬರಾಜೂ ಕಡಿದುಹೋಗಿರುತ್ತದೆ. ಲ್ಯಾಪರೋಸ್ಕೋಪಿಯ ಚಿಕ್ಕ ತೂತುಗಳಿಗೆ ಇಷ್ಟು ಹೆದರಬೇಕಿಲ್ಲ.

ಸುಮ್ನೆಕೇಳ್ದೆ:
ಸಿಗರೇಟ್ ಬಿಟ್ಟು ನಿಕೋಟಿನ್ ಗಮ್ ಅಗೀತಿದ್ರೆ ಪರವಾಗಿಲ್ಲ ತಾನೆ?

ಕತ್ತರಿಸೂಜಿ:
ಇಲ್ಲ, ಅದೂ ಆಗದು. ಮೇಲೆ ಹೇಳಿದ ಆ ಮೂಲೆಯ ಸಣ್ಣ ರಕ್ತನಾಳ ಕುಗ್ಗಿಸುವುದೇ ನಿಕೋಟಿನ್, ಹೊಗೆಯಿಂದ ಬಂದರೇನು, ಗಮ್‌ನಿಂದ ಬಂದರೇನು. ಪ್ಯಾಚ್, ವೇಪ್, ಜಗಿಯುವ ತಂಬಾಕು ಎಲ್ಲಕ್ಕೂ ಇದೇ ಮಾತು. ಮೊದಲು ನಾಲ್ಕು ವಾರ, ಆಮೇಲೆ ನಾಲ್ಕು ವಾರ ಪೂರ್ತಿ ಬಂದ್. ಮೂತ್ರದಲ್ಲಿ ಕೋಟಿನೀನ್ (ನಿಕೋಟಿನ್ ದೇಹದಲ್ಲಿ ಬಿಡುವ ಗುರುತು) ಪರೀಕ್ಷೆ ಮಾಡಿಸುವವರು ಅನುಮಾನದ ಪ್ರಾಣಿಗಳಲ್ಲ, ಕೆಲಸ ಗೊತ್ತಿರುವವರು.

ಡ್ರೆಸ್ಸಿಂಗ್‌ಟ್ರೇ:
ಸರ್ಜನ್‌ಗಳು ಹೊಲಿಗೆ ಹಾಕಿ ಕೈ ತೊಳ್ಕೊಂಡ ಮೇಲೆ ಶುರುವಾಗೋ ಭಾಗ ನಾನು ಹೇಳ್ತೀನಿ.

ಒಳಗೆ ಸೇರೋ ರಕ್ತ, ನೀರು ಹೊರಗೆ ಹರಿಸೋ ಡ್ರೈನ್ ಟ್ಯೂಬ್ ಇದ್ರೆ ದಿನಕ್ಕೆ ಎರಡು ಸಲ ಅಳತೆ ಬರೀರಿ. ಟ್ಯೂಬ್ ಚರ್ಮಕ್ಕೆ ಸೇರೋ ಬುಡನ ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡ್ಕೊಂಡು, ಇನ್ನೊಂದು ಕೈ ಬೆರಳಿಂದ ಕೆಳಕ್ಕೆ ಜಾರಿಸ್ತಾ ಗಡ್ಡೆ ಇಳಿಸಿ. ಬುಡ ಹಿಡೀದೆ ಎಳೆದ್ರೆ ಟ್ಯೂಬೇ ಕೈಗೆ ಬರತ್ತೆ. ಬಣ್ಣ ಕೆಂಪಿಂದ ತಿಳಿಗುಲಾಬಿ, ಆಮೇಲೆ ಹುಲ್ಲು ಹಳದಿ ಆಗ್ತಾ ಹೋಗಬೇಕು. ಸತತ ಎರಡು ದಿನ 24 ಗಂಟೆಗೆ 30 ಮಿಲಿಗಿಂತ ಕಡಿಮೆ ಬಂದ್ರೆ ತೆಗೀತಾರೆ. ಹಳದಿ ಆಗಿದ್ದು ಮತ್ತೆ ಕೆಂಪಾದ್ರೆ ಫೋನ್ ಮಾಡಿ. ಮೊದಲ ದಿನ ಒಂದೇ ಬದಿ ಗಟ್ಟಿಯಾಗಿ ಉಬ್ಬಿ ನೋವು ಏರ್ತಿದ್ರೆ ಫೋನ್ ಅಲ್ಲ, ನೇರ ಆಸ್ಪತ್ರೆ, ಒಳಗೆ ರಕ್ತ ಕಟ್ಟಿಕೊಳ್ತಿರಬಹುದು.

ಟ್ಯೂಬ್ ತೆಗೆದ ಮೇಲೆ ಸೆರೋಮಾ, ಅಂದ್ರೆ ಚರ್ಮದ ಕೆಳಗೆ ನೀರು ತುಂಬೋದು, ನೋಡೋದು ಹೀಗೆ: ಮಲಗಿ, ಒಂದು ಪಕ್ಕ ಬೆರಳಿಂದ ತಟ್ಟಿ, ಇನ್ನೊಂದು ಪಕ್ಕ ಇಟ್ಟ ಅಂಗೈಗೆ ಅಲೆ ಬಡಿದ್ರೆ ನೀರು ತುಂಬಿದೆ. ಸೂಜಿಯಿಂದ ತೆಗೀತಾರೆ, ಹಲವು ಸಲ ಬೇಕಾಗಬಹುದು. ಬಿಟ್ಟರೆ ಅದರ ಸುತ್ತ ಪೊರೆ ಕಟ್ಟಿ ಗಂಟಾಗಿ ಕೂರತ್ತೆ.

ಬೆನ್ನು ಕಡೆ ಹೊಲಿಗೆ ಬಿಚ್ಚೋದು ಬಹುಪಾಲು ಟಾಯ್ಲೆಟ್‌ನಲ್ಲಿ. ಮುಂದಿನ ಹೊಲಿಗೆ ಉಳಿಸೋಕೆ ಬಗ್ಗಿ ನಡೀಬೇಕು, ಹಿಂದಿನದು ಉಳಿಸೋಕೆ ಬಗ್ಗಲೇಬಾರದು. ಎತ್ತರದ ಕಮೋಡ್ ಸೀಟು, ಎತ್ತರದ ಕುರ್ಚಿ ಮುಂಚೆನೇ ಹೊಂದಿಸಿ. ಮಂಚದಲ್ಲಿ ಬೆನ್ನು ಸ್ವಲ್ಪ ಎತ್ತರ, ಮೊಣಕಾಲ ಕೆಳಗೆ ದಿಂಬು. ಆರು ವಾರ ಐದು ಕೆಜಿಗಿಂತ ಭಾರ ಎತ್ತಬೇಡಿ. ಬೈಪಾಸ್ ಆದವರು ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಟ್ಟಬೇಡಿ, ಹೊಟ್ಟೆಗೆ ಕರುಳು ಜೋಡಿಸಿದ ಜಾಗದಲ್ಲಿ ಹುಣ್ಣಾಗಬಹುದು.

ಎರಡುಟೀಮ್:
ಡ್ರೈನ್ ಇಲ್ಲದೇನೂ ಮಾಡಬಹುದು ಅಂತ ಸೇರಿಸ್ತೀನಿ. 2000ದಲ್ಲಿ ಹಾರ್ಲನ್ ಪೊಲಾಕ್, ಟಾಡ್ ಪೊಲಾಕ್ ಅನ್ನೋ ಸರ್ಜನ್‌ಗಳು ಪ್ರಕಟಿಸಿದ ವಿಧಾನ: ಚರ್ಮದ ಒಳಪದರನ ಕೆಳಗಿನ ಪೊರೆಗೆ ಸಾಲುಸಾಲಾಗಿ ಹೊಲಿದು ಖಾಲಿ ಜಾಗನೇ ಇಲ್ಲದ ಹಾಗೆ ಮಾಡೋದು. ನೀರು ತುಂಬೋಕೆ ಜಾಗ ಇಲ್ಲ, ಅಂಚಿನ ಮೇಲೆ ಎಳೆತನೂ ಕಡಿಮೆ.

ಡ್ರೆಸ್ಸಿಂಗ್‌ಟ್ರೇ:
ಬರೀ ಹೊಟ್ಟೆಗೆ ಒಪ್ಪಿದೆ. ಸೊಂಟದ ಸುತ್ತ ಪೂರ್ತಿ ತೆಗೆದಾಗ ಹಿಂದೆ ನಡುಬೆನ್ನಿಗೆ ನೀರು ಸೇರತ್ತೆ, ಅಲ್ಲಿ ಟ್ಯೂಬ್ ಬಿಡೋದೇ ನೆಮ್ಮದಿ.

ಸುಮ್ನೆಕೇಳ್ದೆ:
ತೊಡೆಗೆ ಉದ್ದಗೆರೆನಾ, ಸಂದಿಯಲ್ಲಿ ಬಚ್ಚಿಟ್ಟ ಗೆರೆನಾ? ಎರಡನೇ ಸುತ್ತು ಅದೇ ತಾನೆ.

ಕತ್ತರಿಸೂಜಿ:
ಸಡಿಲ ತೊಡೆಯ ಮೇಲಿನ ಮೂರನೇ ಒಂದು ಭಾಗದಲ್ಲಷ್ಟೇ ಇದ್ದರೆ ಸಂದಿ ಗೆರೆ. ಆದರೆ ತೊಡೆಯ ಭಾರವೆಲ್ಲ ಬರೀ ಚರ್ಮದ ಹೊಲಿಗೆ ಮೇಲೆ ಬಿದ್ದರೆ ಕಲೆ ಕೆಳಗೆ ಜಾರುತ್ತದೆ, ಯೋನಿಯ ತುಟಿ ಅಗಲವಾಗಿ ಎಳೆದುಕೊಳ್ಳುತ್ತದೆ. ಸರ್ಜನ್ ಲಾಕ್‌ವುಡ್ 1988ರಲ್ಲೇ ಹೇಳಿದ್ದು ಇದನ್ನೇ: ಒಳಗಿನ ಗಟ್ಟಿ ಕಾಲಿಸ್ ಪೊರೆಗೆ ಹೊಲಿದು ನಿಲ್ಲಿಸಿ. ಮೊಣಕಾಲವರೆಗೆ ಸಡಿಲವಿದ್ದರೆ ಉದ್ದಗೆರೆ ಬಿಟ್ಟು ಬೇರೆ ದಾರಿ ಇಲ್ಲ. ಅಲ್ಲಿ ಲಿಂಫ್ ನಾಳ ಕಡಿಯದ ಹಾಗೆ ಚರ್ಮದ ಹತ್ತಿರವೇ ಕತ್ತರಿಸಬೇಕು, ಆಳಕ್ಕೆ ಹೋದರೆ ಕಾಲು ಬಾವು ತಿಂಗಳುಗಟ್ಟಲೆ ಇಳಿಯದು.

ಎರಡುಟೀಮ್:
ಅದಕ್ಕೇ ಮೊದಲು ಆ ಪಟ್ಟಿಯ ಕೊಬ್ಬನ್ನ ಲೈಪೊಸಕ್ಷನ್‌ನಿಂದ ತೆಳು ಮಾಡಿ, ಆಮೇಲೆ ಬರೀ ಚರ್ಮ ಸುಲಿದು ತೆಗೆಯೋದು. ನಾಳಗಳ ಜಾಲ ಹಾಗೇ ಉಳಿಯತ್ತೆ. ತೋಳಿಗೂ ಇದೇ ಮಾಡ್ತೀವಿ.

ಕತ್ತರಿಸೂಜಿ:
ಇದಕ್ಕೆ ನನ್ನ ತಕರಾರಿಲ್ಲ. ತೋಳನ್ನು ಮೊದಲ ದಿನವೇ ಮಾಡುವುದಕ್ಕೆ ಈಗಲೂ ಇದೆ.