ಲೇಹ್‌ಗೆ ಹೊರಟಿರೋ ಪುಟ್ಟನಿಗೆ

ಪುಟ್ಟ, ನಿನ್ನ ಲೇಹ್ ಪ್ಲಾನ್ ಈಗ ನೋಡ್ದೆ ಕಣೋ, ಉದ್ದ ಆಗುತ್ತೆ, ಆದ್ರೂ ಪೂರ್ತಿ ಕೇಳು. ಫ್ಲೈಟ್ ಇಳಿದ ಮಾರನೇ ದಿನವೇ ಲೇಹ್‌ಗಿಂತ ಇನ್ನೂ ಎತ್ತರದಲ್ಲಿರೋ ಪ್ಯಾಂಗಾಂಗ್ ಸರೋವರ ಅಂತ ಹಾಕಿದ್ದೀಯಲ್ಲ, ಅದು ಬೇಡವೇ ಬೇಡ. ಭಾವ, ಎತ್ತರದಲ್ಲಿ ಉಸಿರಾಟಕ್ಕೆ ಕರ್ಪೂರ ಮೂಸ್ತಾ ಇದ್ರೆ ಸಾಕು ಅಂದಿದ್ದೀರಿ, ಬೇಜಾರ್ ಮಾಡ್ಕೋಬೇಡಿ, ಮೂಗು ಬಿಟ್ಟಂಗೆ ಅನ್ಸುತ್ತೆ ಅಷ್ಟೇ, ಅದ್ರಿಂದ ರಕ್ತಕ್ಕೆ ಆಕ್ಸಿಜನ್ ಜಾಸ್ತಿ ಆಗಲ್ಲ.

ನಮ್ ಬೆಂಗ್ಳೂರು ಸುಮಾರು 920 ಮೀಟರ್, ಲೇಹ್ 3,500. ಗಾಳೀಲಿ ಆಕ್ಸಿಜನ್ ಅಲ್ಲೂ 21 ಪರ್ಸೆಂಟೇ, ಆದ್ರೆ ಒತ್ತಡ ಕಮ್ಮಿ, ಅದಕ್ಕೇ ಒಂದೊಂದು ಉಸಿರಿಗೂ ಸಿಗೋದು ಕಮ್ಮಿ. ಮಿದುಳು ಮೈತೂಕದಲ್ಲಿ 2 ಪರ್ಸೆಂಟ್ ಅಷ್ಟೇ, ಆದ್ರೆ ಸುಮ್ನೆ ಕೂತಿದ್ರೂ ಸುಮಾರು 20 ಪರ್ಸೆಂಟ್ ಆಕ್ಸಿಜನ್ ಅದಕ್ಕೇ ಬೇಕು. ತಲೆನೋವು, ವಾಕರಿಕೆ, ನಿದ್ದೇಲಿ ಉಸಿರು ನಿಂತಂಗಾಗಿ ಗಾಬರಿಯಿಂದ ಎಚ್ಚರ ಆಗೋದು, ಇವೆಲ್ಲ ತುಂಬಾ ಜನಕ್ಕೆ ಆಗುತ್ತೆ. ಅದನ್ನ ಲೆಕ್ಕಿಸ್ದೆ ಇನ್ನೂ ಮೇಲಕ್ಕೆ ಹೋದ್ರೆ ಕೆಲವ್ರಿಗೆ ಮಿದುಳೇ ಊದ್ಕೊಳ್ಳುತ್ತೆ, ಆಗ ಜೀವಕ್ಕೇ ಕುತ್ತು.

ನಾನು ಹೋದಾಗ ಜೊತೇಲಿದ್ದ ಫ್ರೆಂಡ್, ದಿನಾ ಜಿಮ್ಮಿಗೆ ಹೋಗೋ ಗಟ್ಟಿ ಆಳು, ಪ್ಯಾಂಗಾಂಗ್ ಟೆಂಟಲ್ಲಿ ಬೆಳಗ್ಗೆ ಶೂ ಲೇಸಿನ ಎರಡು ತುದಿ ಹಿಡ್ಕೊಂಡು ಸುಮ್ನೆ ನೋಡ್ತಾ ಕೂತಿದ್ದಾನೆ, ಮುಂದೆ ಏನ್ ಮಾಡ್ಬೇಕು ಅಂತಾನೇ ತಿಳೀತಿಲ್ಲ. ಕೇಳಿದ್ರೆ 'ನಂಗೇನಾಗಿಲ್ಲ, ನಿದ್ದೆ ಸರಿ ಆಗಿಲ್ಲ ಅಷ್ಟೇ' ಅಂತ ಸಿಡಿಮಿಡಿ. ಇದು ಆ ಮಿದುಳು ಊತಾನೇ ಅಂತ ನಮ್ ಡ್ರೈವರ್ರೇ ಗುರುತು ಹಿಡಿದಿದ್ದು. ನಾವು ಸೈಟ್ ಅಳೆಯೋವಾಗ ಪಾದಕ್ಕೆ ಪಾದ ತಾಗಿಸ್ಕೊಂಡು ಹೋಗ್ತೀವಲ್ಲ, ಹಂಗೆ ನಡೀರಿ ಅಂದ್ರು, ನಾಲ್ಕನೇ ಹೆಜ್ಜೆಗೇ ಟೆಂಟ್ ಹಗ್ಗದ ಮೇಲೆ ವಾಲಿದ. ತಕ್ಷಣ ಕೆಳಗಿಳಿಸ್ಬೇಕು, ಆದ್ರೆ ನಾವು ಬಂದ ದಾರೀಲಿ ಲೇಹ್‌ಗೆ ಇಳಿಯೋಕೂ ಮೊದ್ಲು 5,300 ಮೀಟರ್ ಮೇಲಿರೋ ಚಾಂಗ್ ಲಾ ಘಾಟಿ ಹತ್ಬೇಕು! ಆಕ್ಸಿಜನ್ ಸಿಲಿಂಡರ್ ಮಾಸ್ಕ್ ಹಾಕಿ ಕರ್ಕೊಂಡ್ ಬಂದ್ವಿ, ಲೇಹ್ ಆಸ್ಪತ್ರೇಲಿ ಅವನ ಜೀವ ಉಳೀತು, ಆ ದಾರಿ ನೆನೆಸ್ಕೊಂಡ್ರೆ ನಂಗೆ ಈಗ್ಲೂ ಕೈ ತಣ್ಣಗಾಗುತ್ತೆ.

ಅದಕ್ಕೇ ಹೇಳೋದು, ಮೊದ್ಲು ಎರಡು ರಾತ್ರಿ ಲೇಹ್‌ನಲ್ಲೇ ಸುಮ್ನೆ ಬಿದ್ಕೋ, ಡ್ರಿಂಕ್ಸ್ ಬೇಡ, ನಿದ್ದೆ ಮಾತ್ರೆ ಬೇಡ. ಎತ್ತರದ ತೊಂದರೆ ತಡೆಯೋ ಡಯಾಮಾಕ್ಸ್ ಮಾತ್ರೆ ಡಾಕ್ಟರ್‌ನ ಕೇಳಿ ತಗೋ, ಸಲ್ಫಾ ಔಷಧಿ ಅಲರ್ಜಿ ಇದ್ರೆ ಮೊದ್ಲೇ ಹೇಳು. ತಲೆನೋವು ಇದ್ದಾಗ ಇನ್ನೂ ಮೇಲಕ್ಕೆ ಹೋಗ್ಲೇಬೇಡ. ಆ ನಡಿಗೆ ಟೆಸ್ಟ್ ನಿನ್ ಫ್ರೆಂಡ್ಸ್‌ಗೂ ಹೇಳ್ಕೊಡು, ಯಾಕಂದ್ರೆ ಮಂಕು ಕವಿದವ್ನಿಗೆ ಅದು ಗೊತ್ತೇ ಆಗಲ್ಲ, ಪಕ್ಕದಲ್ಲಿರೋರೇ ನೋಡ್ಬೇಕು.

ಅಕ್ಕ, ವಾಪಸ್ ಟಿಕೆಟ್ ಎರಡು ದಿನ ಮುಂದಕ್ಕೆ ಹಾಕಿಸೋ ಖರ್ಚು ನಂದು. ಪುಟ್ಟ, ರಾತ್ರಿ ಒಂಬತ್ತರ ಮೇಲೆ ಫೋನ್ ಮಾಡು, ಕೂತ್ಕೊಂಡು ಪ್ಲಾನ್ ಬದಲಾಯ್ಸೋಣ.